ಅವ್ವನ ಕೌದಿ ಮತ್ತೆ ಗೋಡೆಗೆ ಬಂತು

2005ರಲ್ಲಿ ನಾವು ಐದು ಜನ ಗೆಳೆಯರು ಬಾಗಲಕೋಟೆಯ ಲೋಕಲ್ ಕೇಬಲ್‌ಗೆ ವಾರಕ್ಕೊಂದು ಹಾಸ್ಯ ಕಾರ್ಯಕ್ರಮ ಮಾಡುತ್ತಿದ್ದೆವು. ಒಂದು ಚಾದಂಗಡಿ, ಅಲ್ಲಿ ಬಂದು ಕೂರುವ ಮಂದಿ, ಅವರ ಮಾತು. ಅಷ್ಟೇ. ಒಂದು ಕಂತಿಗೆ 400 ರೂಪಾಯಿ ದಾಟುತ್ತಿರಲಿಲ್ಲ. ಮದುವೆ ವಿಡಿಯೋ ತೆಗೆಯುವವರ ಕ್ಯಾಮೆರಾ ಬಾಡಿಗೆ, ಒಂದು ಕ್ಯಾಸೆಟ್, ಎಲ್ಲರಿಗೂ ಚುರಮುರಿ-ಮಿರ್ಚಿ.

ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆಗಳು ಖಾಲಿ ಆಗುತ್ತಿದ್ದ ಕಾಲ ಅದು. ನವನಗರಕ್ಕೆ ಹೋಗುವವರು ಬಾಗಿಲು, ತೊಲೆ, ಕಿಟಕಿ ಕಿತ್ತುಕೊಂಡು ಹೋಗುತ್ತಿದ್ದರು. ಹಾಗೆ ಉಳಿದ ಒಂದು ಬಾಗಿಲು, ಎರಡು ಹಲಗೆ ನಮ್ಮ ಸೆಟ್ ಆದವು. ಹಿಂದಿನ ಗೋಡೆ ಉದುರುತ್ತಿತ್ತು ಅಂತ ಅವ್ವ ಹೊಲಿದ ಕೌದಿಯನ್ನು ಮೊಳೆ ಹೊಡೆದು ತೂಗುಹಾಕಿದೆವು. ಮೂರು ವರ್ಷ ನಡೆಸಿ, ಒಬ್ಬೊಬ್ಬರಿಗೂ ನೌಕರಿ ಸಿಕ್ಕಿ ನಿಂತುಹೋಯಿತು.

ಆಮೇಲೆ ಎಲ್ಲಿ ಸಿಕ್ಕರೂ ಜನ ಕೇಳುವುದು ಒಂದೇ: "ಅದನ್ನ ಮತ್ತ ಯಾವಾಗ ಮಾಡ್ತೀರಿ?" ಎರಡು ವರ್ಷದ ಹಿಂದೆ ಯೂಟ್ಯೂಬ್‌ಗೆ ಅಂತ ಮತ್ತೆ ಶುರು ಮಾಡಿದೆವು. ಈ ಸಲ ಒಬ್ಬರು ಪ್ರಾಯೋಜಕರೂ ಸಿಕ್ಕರು.

ಮೊದಲ ಮೂರು ಕಂತು ಕೆಟ್ಟವು. ಯಾಕೆ ಕೆಟ್ಟವು ಅನ್ನೋದು ತಿಳಿಯಲು ನನಗೆ ತಿಂಗಳುಗಟ್ಟಲೆ ಬೇಕಾಯಿತು.

ಕೌದಿ ತೆಗೆದು ಚಾದಂಗಡಿಯ ಚಿತ್ರವಿದ್ದ ಫ್ಲೆಕ್ಸ್ ಕಟ್ಟಿದ್ದೆವು. ಲೈಟ್ ಬಿದ್ದರೆ ಅದು ಮಿಂಚುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ ಧ್ವನಿಯದು. ಮಾತಾಡಿದ್ದೆಲ್ಲ ಖಾಲಿ ಗುಡಿಯಲ್ಲಿ ಮಾತಾಡಿದ ಹಾಗೆ ಗುಂಯ್‌ಗುಡುತ್ತಿತ್ತು. ಹಳೇ ಸೀರೆ, ಧೋತರಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಕೌದಿ ದಪ್ಪ ಇರುತ್ತದಲ್ಲ, ಅದು ಅಷ್ಟು ವರ್ಷ ಸುಮ್ನೆ ನಮ್ಮ ಧ್ವನಿಯನ್ನು ಹೀರಿಕೊಂಡು ಕಾಪಾಡಿತ್ತು. ಚಂದಕ್ಕೆ ಅಂತ ತಿಳಿದದ್ದು ಕೆಲಸ ಮಾಡುತ್ತಿತ್ತು. ಟ್ರಂಕಿನಿಂದ ತೆಗೆದು ಮತ್ತೆ ಕಟ್ಟಿದೆವು.

ಇನ್ನೊಂದು ತಪ್ಪು ನನ್ನದೇ. ಆಗ ಶೂಟಿಂಗ್ ನಡುವೆ ಕರೆಂಟ್ ಹೋಗುತ್ತಿತ್ತು. ಕಂದೀಲು ಹಚ್ಚಿ ಮುಂದುವರಿಸುತ್ತಿದ್ದೆವು, ಜನರಿಗೆ ಅದೇ ಇಷ್ಟವಾಗಿತ್ತು. ಹೊಸ ಕಂತಿನಲ್ಲಿ ಬೇಕಂತಲೇ ಸ್ವಿಚ್ ಆರಿಸಿ ಕಂದೀಲು ತರಿಸಿದೆ. ಚಾದಂಗಡಿಯ ಯಜಮಾನನ ಪಾತ್ರ ಮಾಡುವ ಕಾಕಾ ಕಂಪನಿ ನಾಟಕದಲ್ಲಿ ಪಳಗಿದವರು. ಅವರು ಅಂದರು: "ತಮ್ಮಾ, ಕರೆಂಟ್ ಖರೇನ ಹೋದಾಗ ನನ್ನ ಕೈ ಕಡ್ಡಿಪೆಟ್ಟಿಗಿ ಹುಡುಕತಿತ್ತು. ಈಗ ಕಡ್ಡಿಪೆಟ್ಟಿಗಿ ಎಲ್ಲೈತಿ ಅಂತ ಮೊದಲ ಗೊತ್ತೈತಿ. ಮಂದಿ ಅದನ್ನ ನೋಡ್ತಾರಪಾ." ನೋಡಿದವರೂ ಅದನ್ನೇ ಹೇಳಿದರು.

ಆ ಹೊತ್ತಿಗೆ ನಾನು ಅಮೆರಿಕದ ಮಿಸ್ಟರಿ ಸೈನ್ಸ್ ಥಿಯೇಟರ್ 3000 ಅನ್ನೋ ಕಾರ್ಯಕ್ರಮದ ಹಳೇದು, ಹೊಸದು ಎರಡನ್ನೂ ಕೂತು ನೋಡಿದೆ. 1988ರಲ್ಲಿ ಮಿನಿಯಾಪೊಲಿಸ್‌ನ ಸಣ್ಣ ಚಾನೆಲ್‌ನಲ್ಲಿ ಜೋಯಲ್ ಹಾಡ್ಜ್‌ಸನ್ ಶುರು ಮಾಡಿದ್ದು. ಒಬ್ಬ ಮನುಷ್ಯ, ಎರಡು ಬೊಂಬೆ ರೋಬೋಟ್ ಕೂತು ಕೆಟ್ಟ ಸಿನಿಮಾ ನೋಡುತ್ತಾ ಕಾಮೆಂಟ್ ಹೊಡೆಯುತ್ತವೆ. ಒಂದು ರೋಬೋಟ್‌ನ ಬಾಯಿ ಬೌಲಿಂಗ್ ಪಿನ್ ಸೀಳಿ ಮಾಡಿದ್ದು. 1999ರಲ್ಲಿ ನಿಂತಿತು. 2015ರಲ್ಲಿ ಅಭಿಮಾನಿಗಳೇ 57 ಲಕ್ಷ ಡಾಲರ್‌ಗೂ ಜಾಸ್ತಿ ಕೂಡಿಸಿಕೊಟ್ಟರು, 2017ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಅಷ್ಟು ದುಡ್ಡು ಬಂದರೂ ಬೊಂಬೆಗಳನ್ನು ಕಂಪ್ಯೂಟರ್‌ನಲ್ಲಿ ಮಾಡಲಿಲ್ಲ. ಕೆಳಗೆ ಕೂತ ಮನುಷ್ಯನ ಕೈ ಅದನ್ನು ಆಡಿಸುತ್ತಿದೆ ಅಂತ ಈಗಲೂ ಗೊತ್ತಾಗುತ್ತದೆ. ಹೊಸ ಕಂತುಗಳಲ್ಲಿ ಮಾತು ಬಹಳ ಜೋರಾಗಿ ಓಡುತ್ತದೆ, ನಗಲು ಪುರುಸೊತ್ತು ಕೊಡೋದಿಲ್ಲ ಅಂತ ನನಗೆ ಅನ್ನಿಸಿತು. ಆದರೆ ಕೈ ಉಳಿದಿತ್ತು, ನಾನು ಹಿಡಿದುಕೊಂಡದ್ದು ಅದನ್ನೇ.

ಹಾಗಾಗಿ ಬಡತನವನ್ನು ನಟಿಸೋದು ಬಿಟ್ಟೆವು. ದುಡ್ಡಿದೆ, ಇದೆ ಅಂತಲೇ ಖರ್ಚು ಮಾಡಿದೆವು. ಒಳ್ಳೆ ಮೈಕು ತಂದೆವು. ಮುಖ್ಯವಾಗಿ ಎಲ್ಲರಿಗೂ ಪಗಾರ ಕೊಟ್ಟೆವು. ಆಗ ಕಾಕಾ ಮೂರು ವರ್ಷ ಬರೀ ಚಾ ಕುಡಿದು ದುಡಿದಿದ್ದರು, ಅದು ನನ್ನ ಮನಸ್ಸಿನಲ್ಲಿ ಈಗಲೂ ಚುಚ್ಚುತ್ತದೆ. ಅದರಲ್ಲಿ ಸೊಗಸು ಏನೂ ಇರಲಿಲ್ಲ.

ಇಕ್ಕಟ್ಟನ್ನು ಮಾತ್ರ ಉಳಿಸಿಕೊಂಡೆವು. ಅದೇ ಒಂದು ಕೋಣೆ, ಒಂದೇ ದಿನದ ಶೂಟಿಂಗ್. ಮೊದಲು ಕ್ಯಾಸೆಟ್ ಮುಗಿಯುತ್ತದೆ ಅನ್ನೋ ಹೆದರಿಕೆಗೆ ಒಂದೇ ಟೇಕ್‌ನಲ್ಲಿ ಮುಗಿಸುತ್ತಿದ್ದೆವು. ಮೆಮೊರಿ ಕಾರ್ಡ್ ಬಂದ ಮೇಲೆ ಒಂದು ಮಾತಿಗೆ 14 ಟೇಕ್ ತೆಗೆದದ್ದಿದೆ. ಐದನೇ ಟೇಕ್‌ಗೇ ಎದುರಿಗಿದ್ದವರು ನಗೋದು ನಿಲ್ಲಿಸಿದ್ದರು. ಈಗ ಎರಡೇ ಟೇಕ್. ಮೂರನೇದು ಇಲ್ಲ. ಪ್ರಾಯೋಜಕರಿಗೆ ಇದು ಹಿಡಿಸಲಿಲ್ಲ, ಅವರು ಬಿಟ್ಟುಹೋದರು. ಸಣ್ಣ ಸಣ್ಣ ಅಂಗಡಿಯವರು ಸೇರಿ ಈಗ ಖರ್ಚು ನೋಡಿಕೊಳ್ಳುತ್ತಿದ್ದಾರೆ.

ಹೋದ ತಿಂಗಳು ಕಾಕಾ ತಮ್ಮ ಮಗಳ ಮದುವೆ ಸಾಲದ ಮಾತು ಆಡುತ್ತಿದ್ದರು, ಅಷ್ಟರಲ್ಲಿ ಹೊರಗೆ ಒಂದು ಟಂಟಂ ಬಡಬಡಿಸುತ್ತಾ ಬಂತು. ಕ್ಯಾಮೆರಾ ಹುಡುಗ ನಿಲ್ಲಿಸಲು ಕೈ ಎತ್ತಿದ. ಕಾಕಾ ಮಾತು ನಿಲ್ಲಿಸಿ ಬಾಗಿಲ ಕಡೆ ತಿರುಗಿದರು. ಶಬ್ದ ದೂರ ಹೋಗುವವರೆಗೂ ಅದನ್ನೇ ನೋಡಿದರು. "ಅವನೂ ಸಾಲಗಾರ ಇರಬೇಕು, ಎಷ್ಟ ಅವಸರದಾಗ ಹೊಂಟಾನ" ಅಂದರು. ಹುಡುಗ ಕೈ ಇಳಿಸಿದ. ನಕ್ಕು ನಕ್ಕು ಅವನ ಕ್ಯಾಮೆರಾ ಅಲುಗಾಡಿದ್ದು ಕಂತಿನಲ್ಲಿ ಹಾಗೇ ಇದೆ.