ದೆಹಲಿಗೆ ಎಷ್ಟು ದೂರ, ಎಷ್ಟು ಹೊತ್ತು? ನಾನು ಲೆಕ್ಕ ಹಾಕುವ ಬಗೆ

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ನನ್ನದು ಟಿಕೆಟ್ ಬುಕಿಂಗ್ ಅಂಗಡಿ. ಮಗ ದೆಹಲಿಯಲ್ಲಿ, ಮಗಳು ದುಬೈನಲ್ಲಿ ಅನ್ನುವ ಅಪ್ಪ ಅಮ್ಮಂದಿರೇ ಜಾಸ್ತಿ ಬರುತ್ತಾರೆ. ‘ಎಷ್ಟು ಹೊತ್ತು ಕೂತಿರಬೇಕಣ್ಣ?’ ಅಂತ ಮೊದಲು ಕೇಳುತ್ತಾರೆ, ದರ ಆಮೇಲೆ. ಸ್ಕ್ರೀನ್ ತೋರಿಸಿ ಸುಮ್ನಾಗಬಹುದು. ಆದರೆ ಮೊದಲ ಸಲ ವಿಮಾನ ಹತ್ತುವವರಿಗೆ ಆ ಹೊತ್ತು ಹೇಗೆ ಬಂತು ಅಂತ ಗೊತ್ತಾದರೆ ಧೈರ್ಯ. ಅದಕ್ಕೇ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸುತ್ತೇನೆ.

ದೆಹಲಿ ಲೆಕ್ಕ ಸುಲಭ. ನಕ್ಷೆಯಲ್ಲಿ ನಮ್ಮ ದೇವನಹಳ್ಳಿ ಏರ್‌ಪೋರ್ಟ್ ಹೆಚ್ಚುಕಮ್ಮಿ ದೆಹಲಿಯ ನೇರ ಕೆಳಗೇ ಇದೆ. ನಮ್ಮ ರೇಖಾಂಶ 77.7 ಡಿಗ್ರಿ, ಅಲ್ಲಿಯದು 77.1. ಹಾಗಾಗಿ ಅಕ್ಷಾಂಶ ಕಳೆದರೆ ಸಾಕು. 28.6ರಲ್ಲಿ 13.2 ಹೋದರೆ 15.4. ಒಂದು ಡಿಗ್ರಿಗೆ 111 ಕಿ.ಮೀ. ಅಲ್ಲಿಗೆ ಸುಮಾರು 1,710 ಕಿ.ಮೀ. ನಮ್ಮೂರ ಮೇಲೇ ಹಾದುಹೋಗುವ ಹೆದ್ದಾರಿ 44 ಕೂಡ ಹೈದರಾಬಾದ್, ನಾಗ್ಪುರ, ಆಗ್ರಾ ಮುಟ್ಟಿಕೊಂಡು ದೆಹಲಿಗೇ ಹೋಗುತ್ತದೆ. ಆ ದಾರಿ 2,000 ಕಿ.ಮೀ. ದಾಟುತ್ತದೆ.

ಮುಂಬೈ ಓರೆಯಾಗಿದೆ. ಉತ್ತರಕ್ಕೆ ಸುಮಾರು 655 ಕಿ.ಮೀ., ಪಶ್ಚಿಮಕ್ಕೆ 515. ರೇಖಾಂಶದ ಗೆರೆಗಳು ಧ್ರುವದ ಕಡೆ ಹೋದಂತೆ ಹತ್ತಿರವಾಗುತ್ತವೆ, ಅದಕ್ಕೆ ಪಶ್ಚಿಮದ ದಿಕ್ಕಿಗೆ ಡಿಗ್ರಿಗೆ 107 ಕಿ.ಮೀ. ಮಾತ್ರ ಹಿಡಿಯುತ್ತೇನೆ. ಸ್ಕೂಲಿನಲ್ಲಿ ಕಲಿತ ಪೈಥಾಗರಸ್ ಹಚ್ಚಿದರೆ 833 ಕಿ.ಮೀ. ಬರುತ್ತದೆ.

ಇನ್ನು ಹೊತ್ತು. ಮೇಲೆ ಹಾರುವಾಗ ವೇಗ ಗಂಟೆಗೆ 800ರಿಂದ 850 ಕಿ.ಮೀ. ಹಾಗಾದರೆ ದೆಹಲಿಗೆ ಎರಡು ಗಂಟೆ ಸಾಕಲ್ವಾ ಅಂತ ಹುಡುಗರು ವಾದ ಮಾಡುತ್ತಾರೆ. ಟಿಕೆಟ್‌ನಲ್ಲಿರುವ ಹೊತ್ತು ಬರೀ ಹಾರಾಟದ್ದಲ್ಲ. ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಅಲ್ಲಿ ಹೋಗಿ ನಿಲ್ಲುವವರೆಗಿನದು. ರನ್‌ವೇವರೆಗೆ ಮೆಲ್ಲಗೆ ಉರುಳಬೇಕು. ಏರುವಾಗ, ಇಳಿಯುವಾಗ ವೇಗ ಕಡಿಮೆ. ದೊಡ್ಡ ಊರುಗಳಲ್ಲಿ ಇಳಿಯುವುದಕ್ಕೂ ಸರದಿ. ಹಾಗಾಗಿ ನಾನು ದೂರವನ್ನು 800ರಿಂದ ಭಾಗಿಸಿ 45 ನಿಮಿಷ ಕೂಡಿಸುತ್ತೇನೆ. ದೆಹಲಿಗೆ 2 ಗಂಟೆ 53 ನಿಮಿಷ, ಮುಂಬೈಗೆ 1 ಗಂಟೆ 47. ಟಿಕೆಟ್ ತೆಗೆದು ನೋಡಿದರೆ ಐದು ಹತ್ತು ನಿಮಿಷ ಆಚೀಚೆ ಅಷ್ಟೇ.

ದುಬೈಗೆ ಹೋಗುವವರಿಗೆ ಗಾಳಿಯ ವಿಷಯವನ್ನೂ ಹೇಳಬೇಕು. ಚಳಿಗಾಲದಲ್ಲಿ ಎತ್ತರದಲ್ಲಿ ಪಶ್ಚಿಮದಿಂದ ಜೋರು ಗಾಳಿ. ಹೋಗುವಾಗ ಎದುರು, ಬರುವಾಗ ಬೆನ್ನಿಗೆ. ಅದಕ್ಕೇ ಹೋಗಲು ಹತ್ತಿರ ಹತ್ತಿರ ನಾಲ್ಕು ಗಂಟೆ, ವಾಪಸ್ ಬರಲು ಅದಕ್ಕಿಂತ ಕಡಿಮೆ. ಜೊತೆಗೆ ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಬೆಳಿಗ್ಗೆ 10ಕ್ಕೆ ಹೊರಟವರು ಅಲ್ಲಿನ 12.30ಕ್ಕೆ ಇಳಿಯುತ್ತಾರೆ. ‘ಎರಡೂವರೆ ಗಂಟೆ ತಾನೇ’ ಅಂತ ಊಟ ಬಿಟ್ಟು ಹೋಗಬೇಡಿ ಅನ್ನುತ್ತೇನೆ.

ಚೆನ್ನೈ ಲೆಕ್ಕ ಬೇರೆ. ನೇರ ದೂರ 270 ಕಿ.ಮೀ., ವಿಮಾನದಲ್ಲಿ ಒಂದು ಗಂಟೆ ಚಿಲ್ಲರೆ. ಆದರೆ ನಮ್ಮೂರಿಂದ ಏರ್‌ಪೋರ್ಟ್‌ಗೆ ಸುಮಾರು 30 ಕಿ.ಮೀ., ಅಲ್ಲಿ ಎರಡು ಗಂಟೆ ಮೊದಲೇ ಇರಬೇಕು, ಇಳಿದ ಮೇಲೆ ಲಗೇಜು ಕಾಯಬೇಕು. ಎಲ್ಲ ಸೇರಿ ನಾಲ್ಕೂವರೆ ಗಂಟೆ. ಬೆಂಗಳೂರಿಂದ ವಂದೇ ಭಾರತ್ ರೈಲೂ ಹೆಚ್ಚುಕಮ್ಮಿ ಅಷ್ಟೇ ಹೊತ್ತಿಗೆ ಚೆನ್ನೈ ಮುಟ್ಟಿಸುತ್ತದೆ. ಬೆಂಗಳೂರಿನಲ್ಲಿ ಹೇಗೂ ಕೆಲಸ ಇರುವವರಿಗೆ ನನ್ನ ಕಮಿಷನ್ ಹೋದರೂ ಪರವಾಗಿಲ್ಲ, ರೈಲೇ ಹತ್ತಿ ಅನ್ನುತ್ತೇನೆ.