ಇಂಟರ್‌ಸೆಪ್ಟರ್‌ಗೆ ಸಂಪ್ ಗಾರ್ಡ್ ಬೇಕಾ? ಹಾಕಿಸಿಕೊಂಡು ಓಡಿಸಿದ ನನ್ನ ಅನುಭವ

ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ತಗೊಂಡು ಮಲೆನಾಡು ಸುತ್ತಲು ಹೊರಡುವ ಗೆಳೆಯರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ಸಂಪ್ ಗಾರ್ಡ್, ಅಂದರೆ ಇಂಜಿನ್ನಿನ ಮುಂದೆ, ಅಡಿಗೆ ಕಾಪಾಗಿ ಹಾಕುವ ಲೋಹದ ಪ್ಲೇಟ್, ಬೇಕಾ ಅನ್ನುವುದು. ಬೇಕು ಅಂತಲೇ ಹೇಳುತ್ತೇನೆ. ಆದರೆ ಯಾವ ಲೋಹ, ಎಷ್ಟು ದಪ್ಪ ಅಂತ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಅದಕ್ಕಿಂತ ಮುಖ್ಯ, ಅದು ಗಾಡಿಗೆ ಎಲ್ಲಿ ಕೂರುತ್ತದೆ ಅನ್ನುವುದು.

ಗಾಡಿಯ ಮುಂದೆ ಕೂತು ಒಮ್ಮೆ ಬಗ್ಗಿ ನೋಡಿ. ಎರಡು ಸೈಲೆನ್ಸರ್ ಪೈಪುಗಳು ಕೆಳಗಿಳಿಯುತ್ತವೆ. ಅವುಗಳ ನಡುವೆ ಆಯಿಲ್ ಫಿಲ್ಟರ್ ಮುಖ ತೋರಿಸಿಕೊಂಡು ನಿಂತಿದೆ. ಅದು ತೆಳು ತಗಡಿನ ಡಬ್ಬಿ. ಅದರ ಹಿಂದೆ, ಕೆಳಗೆ ಇರುವುದು ಕ್ರ್ಯಾಂಕ್‌ಕೇಸ್, ಅಂದರೆ ಇಂಜಿನ್ನಿನ ಕೆಳಭಾಗದ ಹೊರಕವಚ, ಎರಕದ ಅಲ್ಯೂಮಿನಿಯಂ. ಜೋರಾದ ಪೆಟ್ಟು ಬಿದ್ದರೆ ಕಬ್ಬಿಣ ಬಗ್ಗುತ್ತದೆ, ಎರಕದ ಅಲ್ಯೂಮಿನಿಯಂ ಬಿರುಕು ಬಿಡುತ್ತದೆ. ಬಿಸಿಲೆ ಘಾಟಿಯ ಕಾಡಿನ ನಡುವೆ ಆಯಿಲ್ ಸುರಿದುಹೋದರೆ ಮೆಕ್ಯಾನಿಕ್ ಬಿಡಿ, ಫೋನ್ ಮಾಡಲು ನೆಟ್‌ವರ್ಕೂ ಸಿಗುವುದಿಲ್ಲ. ಹೇಗೋ ಊರು ಸೇರೋಣ ಅಂತ ಹಾಗೇ ಓಡಿಸಿ ಇಂಜಿನ್ ಸೀಜ್ ಆದರೆ, ಅದನ್ನು ಪೆಟ್ಟಿನ ನಂತರದ ಹಾನಿ ಅಂತ ಲೆಕ್ಕ ಹಾಕುತ್ತಾರೆ. ಇಂಜಿನ್‌ಗೆ ಬೇರೆಯಾಗಿ ಆಡ್-ಆನ್ ತಗೊಂಡಿಲ್ಲದಿದ್ದರೆ ಮಾಮೂಲಿ ಇನ್ಶೂರೆನ್ಸ್ ಅದಕ್ಕೆ ದುಡ್ಡು ಕೊಡುವುದಿಲ್ಲ.

ಅದೇ ಕಂಪನಿಯ ಹಿಮಾಲಯನ್ 411 ಬೈಕಿನ ಅಡಿ ನೆಲದಿಂದ 220 ಮಿ.ಮೀ. ಎತ್ತರ ಇತ್ತು, ಅಡಿಯಲ್ಲಿ ಪ್ಲೇಟೂ ಕಂಪನಿಯಿಂದಲೇ ಬರುತ್ತಿತ್ತು. ಬಜಾಜ್ ಡೊಮಿನಾರ್ 400ಗೂ 2021ರಿಂದ ಕಂಪನಿಯೇ ಹಾಕಿ ಕೊಟ್ಟಿತು. ಇಂಟರ್‌ಸೆಪ್ಟರ್‌ನ ಅಡಿ ನೆಲದಿಂದ 174 ಮಿ.ಮೀ. ಮಾತ್ರ ಎತ್ತರ, ಗಾರ್ಡ್ ಬೇಕೆಂದರೆ ನಾವೇ ಕೊಳ್ಳಬೇಕು. ಹಿಂದಿನ ಟೈರ್ ಒಂದಕ್ಕೆ ಕೊಡುವುದಕ್ಕಿಂತ ಕಡಿಮೆ ದುಡ್ಡಿನಲ್ಲಿ ಒಳ್ಳೆಯ ಗಾರ್ಡ್ ಸಿಗುತ್ತದೆ.

ನನ್ನ ಪ್ಲೇಟ್ ಬಿಚ್ಚಿ ತೊಳೆಯುವಾಗಲೆಲ್ಲ ಒಂದು ವಿಷಯ ಗಮನಿಸುತ್ತೇನೆ. ಗಾಯಗಳೆಲ್ಲ ಮುಂದಿನ ಬಾಗಿದ ಭಾಗದಲ್ಲೇ. ಅಡಿಯಲ್ಲಿ ಗೀರುಗಳು ತುಂಬಾ ಕಡಿಮೆ. ಅಂದರೆ ಬಂಡೆಯ ಮೇಲೆ ಗಾಡಿ ಕೂತು ಆಗುವ ಪೆಟ್ಟಿಗಿಂತ ಮುಂದಿನ ಚಕ್ರ ಎತ್ತಿ ಎಸೆಯುವ ಜಲ್ಲಿಯ ಪೆಟ್ಟೇ ಜಾಸ್ತಿ. ಮಳೆಗಾಲ ಮುಗಿದ ಮೇಲೆ ಚಾರ್ಮಾಡಿ, ಕುದುರೆಮುಖದ ಕಡೆ ಟಾರು ಕಿತ್ತು ಜಲ್ಲಿ ಎದ್ದಿರುತ್ತದಲ್ಲ, ಅಲ್ಲಿ ಪ್ಲೇಟಿಗೆ ಕಲ್ಲು ಟಣ್ ಅಂತ ಬಡಿಯುವುದು ಹೆಲ್ಮೆಟ್ ಒಳಗೂ ಕೇಳುತ್ತದೆ. ಆ ಪ್ರತಿ ಕಲ್ಲೂ ಫಿಲ್ಟರ್‌ಗೆ ಬೀಳಬೇಕಾಗಿದ್ದದ್ದು. ಹಾಗಾಗಿ ಕೊಳ್ಳುವಾಗ ಪ್ಲೇಟ್ ಮುಂದೆ ಎಷ್ಟು ಮೇಲಕ್ಕೆ ಬರುತ್ತದೆ ಅಂತ ನೋಡಿ. ಫಿಲ್ಟರ್ ಪೂರ್ತಿ ಮುಚ್ಚದ ಗಾರ್ಡ್ ಸುಮ್ನೆ ಅಲಂಕಾರ.

ಇನ್ನು ಹಂಪ್. ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಅಂಥದ್ದು ಸಾಮಾನ್ಯವಾಗಿ ಬೈಕಿಗೆ ತಗಲುವುದಿಲ್ಲ. ನಮ್ಮ ಊರುಗಳಲ್ಲಿ ಹಾಕಿರುವುದು ಕಿರಿದಾಗಿ, ಚೂಪಾಗಿ ಎದ್ದ ದಿಬ್ಬ. ಹಿಂದೆ ಒಬ್ಬರು ಕೂತು, ಎರಡೂ ಕಡೆ ಬ್ಯಾಗ್ ತೂಗಿದಾಗ 174 ಮಿ.ಮೀ. ಅನ್ನುವುದು ಕಾಗದದಲ್ಲೇ ಉಳಿಯುತ್ತದೆ. ಹಿಂದಿನ ಸಸ್ಪೆನ್ಷನ್ ಕುಗ್ಗುವುದೇ ಒಟ್ಟು 88 ಮಿ.ಮೀ., ಅದರಲ್ಲಿ ಒಂದಷ್ಟು ಭಾರಕ್ಕೇ ಹೋಗಿರುತ್ತದೆ. ಆಗ ಮೊದಲು ಮಾಡಬೇಕಾದ ಕೆಲಸಕ್ಕೆ ಒಂದು ಪೈಸೆ ಖರ್ಚಿಲ್ಲ. ಹಿಂದಿನ ಎರಡೂ ಶಾಕ್‌ಗಳ ಪ್ರೀಲೋಡ್, ಅಂದರೆ ಸ್ಪ್ರಿಂಗಿನ ಆರಂಭದ ಬಿಗಿತ, ಹೆಚ್ಚಿಸಿ. ಐದು ಹಂತಗಳಿವೆ, ಎರಡೂ ಕಡೆ ಒಂದೇ ಹಂತದಲ್ಲಿರಲಿ. ಇಬ್ಬರು, ಲಗೇಜು ಅಂದರೆ ನಾನು ಕೊನೆಯ ಹಂತಕ್ಕೇ ಇಡುತ್ತೇನೆ. ಇನ್ನೊಂದು: ಹಂಪ್ ಹತ್ತುವ ಮುಂಚೆಯೇ ಬ್ರೇಕ್ ಬಿಟ್ಟುಬಿಡಿ. ಬ್ರೇಕ್ ಹಿಡಿದೇ ಹತ್ತಿದರೆ ಮುಂದಿನ ಫೋರ್ಕ್ ಕೆಳಗೆ ಕೂತಿರುತ್ತದೆ, ಇಂಜಿನ್ನೂ ಅಷ್ಟು ಕೆಳಗೆ ಬಂದಿರುತ್ತದೆ.

ಇಷ್ಟು ಮಾಡಿದರೂ ಕೆಲವು ಹಂಪ್‌ಗಳಲ್ಲಿ ತಗಲುತ್ತದೆ. ನನ್ನ ಗಾಡಿಯಲ್ಲಿ ಆಗ ತಗಲುವುದು ಜಾಸ್ತಿ ಸೆಂಟರ್ ಸ್ಟ್ಯಾಂಡ್. ಅದಕ್ಕೆ ಯಾವ ಸಂಪ್ ಗಾರ್ಡೂ ಉತ್ತರ ಅಲ್ಲ. ಗಾರ್ಡ್ ಕೂಡ ತನ್ನ ದಪ್ಪ, ಇಂಜಿನ್ನಿಗೂ ತನಗೂ ನಡುವಿನ ಸಂದು ಸೇರಿಸಿ, ನೆಲದಿಂದ ಇರುವ ಎತ್ತರದಲ್ಲೇ ಪಾಲು ಕೇಳುತ್ತದೆ ಅನ್ನುವುದು ನೆನಪಿರಲಿ.

ಈಗ ಕೂರಿಸುವ ವಿಷಯ. ಕೆಲವು ಗಾರ್ಡ್‌ಗಳನ್ನು ಇಂಜಿನ್ನಿನ ಬೋಲ್ಟ್‌ಗಳಿಗೇ ನೇರ ಬಿಗಿಯುತ್ತಾರೆ. ಪೆಟ್ಟು ಬಿದ್ದಾಗ ಪ್ಲೇಟ್ ಗಟ್ಟಿ ಇದ್ದಷ್ಟೂ ಆ ಬಲ ಬೋಲ್ಟ್ ಮೂಲಕ ಕ್ರ್ಯಾಂಕ್‌ಕೇಸಿಗೇ ಹೋಗುತ್ತದೆ. ಯಾವುದನ್ನು ಉಳಿಸಬೇಕಿತ್ತೋ ಅದಕ್ಕೇ ಪೆಟ್ಟು ಕೊಟ್ಟ ಹಾಗಾಯಿತು, ಅಲ್ವಾ? ನಾನು ಆರಿಸಿದ್ದು ಫ್ರೇಮಿನ ಪೈಪಿಗೆ ರಬ್ಬರ್ ಇಟ್ಟು ಕ್ಲಾಂಪ್ ಹಾಕುವಂಥದ್ದು. ಪ್ಲೇಟಿಗೂ ಇಂಜಿನ್ನಿಗೂ ನಡುವೆ ಒಂದು ಬೆರಳು ತೂರುವಷ್ಟು ಸಂದು ಇದೆ. ಪ್ಲೇಟ್ ಸ್ವಲ್ಪ ಬಗ್ಗಲು ಆ ಜಾಗ ಬೇಕು. ಫ್ಯಾಬ್ರಿಕೇಷನ್ ಶಾಪಿನಲ್ಲಿ ಮಾಡಿಸುವುದಾದರೆ ಫ್ರೇಮಿಗೆ ವೆಲ್ಡಿಂಗ್ ಮಾಡಲು ಬಿಡಲೇಬೇಡಿ.

ಪ್ಲೇಟ್ 4 ಮಿ.ಮೀ. ಅಲ್ಯೂಮಿನಿಯಂ. 2 ಮಿ.ಮೀ. ಉಕ್ಕಿನ ತಗಡಿಗಿಂತಲೂ ಹಗುರ. ಗಾಳಿ ಆಡಲು ಸೀಳುಗಳಿವೆ. ಇಂಜಿನ್ ತಣ್ಣಗಾಗುವುದು ಗಾಳಿ ಮತ್ತು ಆಯಿಲ್‌ನಿಂದ, ಆದ್ದರಿಂದ ಪೂರ್ತಿ ಮುಚ್ಚಿದ ಪ್ಲೇಟ್ ನನಗೆ ಇಷ್ಟವಾಗಲಿಲ್ಲ. ಆಯಿಲ್ ಇಳಿಸುವ ಡ್ರೈನ್ ಬೋಲ್ಟಿಗೆ ಸರಿಯಾಗಿ ಪ್ಲೇಟಿನಲ್ಲಿ ತೂತು ಇದ್ದರೆ ಸರ್ವಿಸ್ ವೇಳೆ ಬಿಚ್ಚುವ ಕೆಲಸ ಉಳಿಯುತ್ತದೆ. ಆದರೂ ನಾನು ಆಯಿಲ್ ಬದಲಿಸುವಾಗ ಬಿಚ್ಚಿಸುತ್ತೇನೆ. ಒಳಗೆ ಕೆಸರು ಗಟ್ಟಿಯಾಗಿ ಕೂತಿರುತ್ತದೆ, ಮಳೆಗಾಲದಲ್ಲಂತೂ ಎಲೆಯೂ ಸೇರಿ ದಪ್ಪ ಪದರ ಆಗಿರುತ್ತದೆ. ಅದು ಶಾಖವನ್ನು ಹಿಡಿದಿಡುತ್ತದೆ, ತೇವವನ್ನೂ ಹಿಡಿದಿಡುತ್ತದೆ. ಕಾರವಾರ, ಗೋಕರ್ಣದ ಕಡೆ ಹೋಗಿಬಂದರೆ ಉಪ್ಪಿನ ಗಾಳಿಗೆ ಅಲ್ಯೂಮಿನಿಯಂ ಮತ್ತು ಸ್ಟೀಲ್ ಬೋಲ್ಟ್ ಸೇರುವ ಜಾಗದಲ್ಲಿ ಬಿಳಿ ಪುಡಿ ಏಳುತ್ತದೆ. ಬೋಲ್ಟ್ ಹಿಡಿದುಕೊಳ್ಳುವ ಮುಂಚೆ ಬಿಚ್ಚಿ, ತೊಳೆದು, ಗ್ರೀಸ್ ಸವರಿ ಹಾಕಿ. ಗ್ರೀಸ್ ಹಾಕಿದ ಕಡೆ ಒಳಗೆ ನೈಲಾನ್ ಉಂಗುರ ಇರುವ ನೈಲಾಕ್ ನಟ್ ಇರಲಿ, ಇಲ್ಲದಿದ್ದರೆ ಅದುರಿ ಸಡಿಲವಾಗುತ್ತದೆ.

ಬೆಂಗಳೂರು–ಹುಬ್ಬಳ್ಳಿಯಂಥ ಹೆದ್ದಾರಿಯಲ್ಲೇ ಓಡಾಡುವವರು ಗಾರ್ಡಿನ ದುಡ್ಡನ್ನು ಒಳ್ಳೆಯ ಟೈರಿಗೆ ಹಾಕಲಿ. ಹಿಮಾಚಲದ ಸ್ಪಿತಿ ಕಣಿವೆಯ ಕನಸು ಇರುವವರಿಗೆ, ಬಾತಾಲ್‌ನಿಂದ ಗ್ರಾಂಫು ಕಡೆಯ ಕಲ್ಲು, ನೀರಿನ ದಾರಿ ನೋಡಿದ್ದರೆ, ನಾನು ಹೇಳಬೇಕಾಗೇ ಇಲ್ಲ. ಅಂಥ ಕಡೆ ಹೊರಡುವ ಹಿಂದಿನ ದಿನ ಕ್ಲಾಂಪ್ ಒಂದೊಂದನ್ನೂ ಸ್ಪ್ಯಾನರ್ ಹಾಕಿ ನೋಡಿ, ಹೆಚ್ಚುವರಿ ಎರಡು ಬೋಲ್ಟು, ನಟ್ಟು ಬ್ಯಾಗಿನಲ್ಲಿ ಹಾಕಿಕೊಳ್ಳಿ. ಓಡುವಾಗ ಒಂದು ಕಡೆ ಕಳಚಿ ಜೋತಾಡುವ ಪ್ಲೇಟ್, ಪ್ಲೇಟ್ ಇಲ್ಲದಿರುವುದಕ್ಕಿಂತ ಅಪಾಯ.