ಅಲ್ಸರ್ ಮತ್ತು ತಲೆಬಿಸಿ: ಓಪಿಡಿಯಲ್ಲಿ ನಾನು ಕೇಳುವುದು, ಹೇಳಿಕೊಡುವುದು

ಅಲ್ಸರ್ ಇದ್ದವರನ್ನು ‘ಟೆನ್ಷನ್ ಐತಾ?’ ಎಂದು ಕೇಳಿದರೆ ದಾವಣಗೆರೆ ಕಡೆ ಸಿಗುವ ಉತ್ತರ ಎರಡೇ: ‘ಏನಿಲ್ರಿ’ ಅಥವಾ ‘ಯಾರಿಗಿಲ್ರಿ?’ ಎರಡರಿಂದಲೂ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ನಾನು ನಿದ್ದೆಯಿಂದ ಶುರು ಮಾಡುತ್ತೇನೆ. ‘ರಾತ್ರಿ ನೋವು ಎಬ್ಬಿಸ್ತೈತೋ ಯಜಮಾನ್ರೆ, ಎಚ್ಚರ ಆದ್ಮೇಲೆ ನೋವು ಗೊತ್ತಾಗ್ತೈತೋ?’ ಸಣ್ಣ ಕರುಳಿನ ಆರಂಭದಲ್ಲಿರುವ ಹುಣ್ಣು ಸಾಮಾನ್ಯವಾಗಿ ಊಟವಾಗಿ 2–3 ಗಂಟೆಗೆ ಅಥವಾ ನಡುರಾತ್ರಿಯಲ್ಲಿ ನೋಯುತ್ತದೆ, ಏನಾದರೂ ತಿಂದರೆ ತಗ್ಗುತ್ತದೆ. ನೋವು ತಗ್ಗಿದರೂ ಬತ್ತಿದ ಬೋರು, ಸಂಘದ ಕಂತು, ಮೆಕ್ಕೆಜೋಳದ ರೇಟು ತಲೆಯಲ್ಲಿ ಸುತ್ತುತ್ತಲೇ ಬೆಳಗಾಗುತ್ತದೆ ಅನ್ನುವವರ ಜೊತೆ ಮಾತು ಬೆಳೆಸುತ್ತೇನೆ.

ಆದರೆ ಮೊದಲು ದೇಹದ ವಿಚಾರ ಮುಗಿಯಬೇಕು. ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಮಲ ಹೋಗುವುದು, ರಕ್ತ ವಾಂತಿ, ಹೊಟ್ಟೆ ಹಲಗೆಯಂತೆ ಬಿಗಿಯುವ ತಡೆಯಲಾರದ ನೋವು ಇದ್ದರೆ ಕೌನ್ಸೆಲಿಂಗ್ ಇಲ್ಲ, ನೇರ ಎಮರ್ಜೆನ್ಸಿ. ಕಬ್ಬಿಣಾಂಶದ ಗುಳಿಗೆಯಿಂದಲೂ ಮಲ ಕಪ್ಪಾಗುತ್ತದೆ, ಕೇಳಿ ಬರೆದುಕೊಳ್ಳುತ್ತೇನೆ. ಕಾರಣವಿಲ್ಲದೆ ತೂಕ ಇಳಿದಿದ್ದರೆ ಎಂಡೋಸ್ಕೋಪಿ (ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡುವುದು) ಮುಂದೂಡಬಾರದು.

‘ಎಲ್ಲಾ ಟೆನ್ಷನ್ನಿಂದ ಬಂದದ್ದು’ ಅನ್ನುವುದೂ ತಪ್ಪೇ. ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ತಂದುಕೊಟ್ಟದ್ದು ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಹುಣ್ಣಿನ ದೊಡ್ಡ ಕಾರಣಗಳು ಅದು ಮತ್ತು ನೋವಿನ ಗುಳಿಗೆಗಳು. ಹಾಗಂತ ಮನಸ್ಸನ್ನು ಕೈಬಿಡುವಂತಿಲ್ಲ: 1995ರಲ್ಲಿ ಜಪಾನಿನ ಕೋಬೆ ಭೂಕಂಪದ ನಂತರ ರಕ್ತ ಸುರಿಯುವ ಹುಣ್ಣುಗಳು ಹೆಚ್ಚಿದ್ದವು. ನಮ್ಮ ಓಪಿಡಿಯಲ್ಲಿ ಕಾಣುವ ದಾರಿ ಇನ್ನೂ ಸರಳ. ಚಿಂತೆ ಹತ್ತಿದವರು ಊಟ ಬಿಡುತ್ತಾರೆ, ಬೀಡಿ ಹೆಚ್ಚಿಸುತ್ತಾರೆ, ತಲೆನೋವಿಗೆ ಅಂಗಡಿ ಗುಳಿಗೆ ನುಂಗುತ್ತಾರೆ.

ಹಾಗಾಗಿ ಮನೆಯ ಗುಳಿಗೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬರಲು ಹೇಳುತ್ತೇನೆ. ಚೀಲ ಮೇಜಿನ ಮೇಲೆ ಸುರಿದಾಗ ಕಥೆ ಹೊರಗೆ ಬರುತ್ತದೆ: ಗ್ಯಾಸ್ಟ್ರಿಕ್ ಗುಳಿಗೆಯ ಪಟ್ಟಿ ಇನ್ನೂ ತುಂಬಿರುತ್ತದೆ, ನೋವಿನ ಗುಳಿಗೆ ಡೈಕ್ಲೊಫಿನಾಕ್‌ನ ಪಟ್ಟಿಯಲ್ಲಿ ಎರಡೇ ಉಳಿದಿರುತ್ತವೆ. ಸ್ಟ್ರಿಪ್ ತಿರುಗಿಸಿ ಖಾಲಿ ಗುಂಡಿ ಎಣಿಸಿದರೆ ಯಾರನ್ನೂ ಬೈಯಬೇಕಾಗಿಲ್ಲ. ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೆಯೇ ಎಂದು ವೈದ್ಯರನ್ನು ಕೇಳಿಸುತ್ತೇನೆ. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ ಮಾತ್ರ ಯಾರೂ ತಾವಾಗಿ ನಿಲ್ಲಿಸಬಾರದು.

ಚಿಂತೆ ಅಳೆಯಲು ಹ್ಯಾಡ್ಸ್ ಪಟ್ಟಿ ಬಳಸುತ್ತೇನೆ: 14 ಪ್ರಶ್ನೆ, ಆತಂಕಕ್ಕೆ 7, ಖಿನ್ನತೆಗೆ 7. ಎರಡರಲ್ಲಿ ಯಾವುದರಲ್ಲಾದರೂ ಒಟ್ಟು 8ರಿಂದ 10 ಅಂಕ ಬಂದರೆ ಗಮನ ಬೇಕು, 11 ಅಥವಾ ಹೆಚ್ಚು ಬಂದರೆ ಮನೋವೈದ್ಯರ ಬಳಿ ಕಳಿಸಬೇಕು. ಖಿನ್ನತೆ ಅಳೆಯುವ ಇನ್ನೊಂದು ಪಟ್ಟಿ ಪಿಎಚ್‌ಕ್ಯೂ-9ರಲ್ಲಿ ಹಸಿವು, ಸುಸ್ತು, ನಿದ್ದೆಯ ಪ್ರಶ್ನೆಗಳಿವೆ. ಅಲ್ಸರ್‌ನವರಿಗೆ, ಅದರಲ್ಲೂ ರಕ್ತ ಕಡಿಮೆಯಾದವರಿಗೆ, ಖಿನ್ನತೆ ಇಲ್ಲದಿದ್ದರೂ ಅಂಕ ಏರಿಬಿಡುತ್ತದೆ. ಯಾವ ಪಟ್ಟಿ ಹಿಡಿದರೂ ‘ಬದುಕೋದೇ ಬ್ಯಾಡ ಅನ್ಸೈತಾ?’ ಎಂದು ಬಾಯಿಬಿಟ್ಟು ಕೇಳುತ್ತೇನೆ. ಹೌದು ಅಂದರೆ ಅವರನ್ನು ಒಂಟಿಯಾಗಿ ಮನೆಗೆ ಕಳಿಸುವುದಿಲ್ಲ, ಅಂದೇ ಮನೋವೈದ್ಯರಿಗೆ ತೋರಿಸುತ್ತೇನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ ನಂಬರ್ 14416 ಅನ್ನು ಮನೆಯವರ ಫೋನಿನಲ್ಲೂ ಸೇವ್ ಮಾಡಿಸುತ್ತೇನೆ.

ಇನ್ನು ಹೇಳಿಕೊಡುವುದು. ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಗುಳಿಗೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ತಿಂಡಿಗೆ ಅರ್ಧ ಗಂಟೆ ಮೊದಲು. ಊಟಕ್ಕೆಂದು ಹೊಟ್ಟೆ ಆಮ್ಲ ಬಿಡತೊಡಗುವ ಹೊತ್ತಿಗೆ ಔಷಧಿ ರಕ್ತದಲ್ಲಿರಬೇಕು. ಬೆಣ್ಣೆ ದೋಸೆ ತಿಂದು ನೆನಪಾಗಿ ನುಂಗಿದರೆ ಪೂರ್ತಿ ಕೆಲಸ ಮಾಡುವುದಿಲ್ಲ. ಆ ಅರ್ಧ ಗಂಟೆಯನ್ನೇ ಉಸಿರಾಟಕ್ಕೆ ಇಟ್ಟುಕೊಳ್ಳಿ ಅನ್ನುತ್ತೇನೆ. ಗೋಡೆಗೆ ಒರಗಿ ಕೂತು, ಹೊಟ್ಟೆಯ ಮೇಲೆ ಅಂಗೈ ಇಟ್ಟು, 4 ಎಣಿಸುತ್ತ ಮೂಗಿನಿಂದ ಒಳಗೆ, 6 ಎಣಿಸುತ್ತ ಹೊರಗೆ, ಐದು ನಿಮಿಷ. ಜೋರಾಗಿ ಎಳೆದರೆ ತಲೆ ಸುತ್ತಿ ಬೆರಳು ಜುಮ್ಮೆನ್ನುತ್ತದೆ, ಬಾಯಿಂದ ಎಳೆದರೆ ಗಾಳಿ ನುಂಗಿ ತೇಗು ಹೆಚ್ಚುತ್ತದೆ. ಅಲ್ಲಿಗೇ ‘ಇದು ನಂಗೆ ಆಗಂಗಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ಗುಳಿಗೆಗೆ ಗಂಟು ಹಾಕಿದ ಅಭ್ಯಾಸ ಹೆಚ್ಚು ದಿನ ಉಳಿಯುತ್ತದೆ.

ಊಟದ ಭಯ ಇನ್ನೊಂದು ಕಾಟ. ಮಂಡಕ್ಕಿ-ಮಿರ್ಚಿ ಹುಣ್ಣು ತರುವುದಿಲ್ಲ. ಉರಿ ತಂದರೆ ಬಿಡಿ, ಅಷ್ಟೇ. ಬರೀ ಹಾಲು-ಬ್ರೆಡ್ಡಿನ ಪಥ್ಯ ಬೇಡ. ಹಾಲು ಸ್ವಲ್ಪ ಹೊತ್ತು ತಣ್ಣಗನ್ನಿಸಿ, ಆಮೇಲೆ ಆಮ್ಲ ಹೆಚ್ಚಿಸುತ್ತದೆ.

ಹೆಚ್ಚಿನವರು ಗಾಬರಿಯಾಗುವುದು ಎರಡು ಕಡೆ. ಪೈಲೋರಿಗೆ ಕೊಡುವ 14 ದಿನದ ಕೋರ್ಸಿನಲ್ಲಿ ಬಾಯಿ ಕಹಿಯಾಗಿ, ಲೋಹದ ರುಚಿ ಬರುತ್ತದೆ. ಮೊದಲೇ ಹೇಳದಿದ್ದರೆ ‘ಔಷಧಿ ಒಗ್ಗಲಿಲ್ಲ’ ಎಂದು ನಡುವೆ ನಿಲ್ಲಿಸುತ್ತಾರೆ. ಎರಡನೆಯದು, ಬ್ಯಾಕ್ಟೀರಿಯಾ ಹೋಗಿದೆಯೇ ಎಂಬ ಪರೀಕ್ಷೆಗೆ ಮುನ್ನ. ಆಂಟಿಬಯೋಟಿಕ್ ಮುಗಿದು 4 ವಾರವಾಗಿರಬೇಕು, ಆಮ್ಲ ತಗ್ಗಿಸುವ ಗುಳಿಗೆ ನಿಲ್ಲಿಸಿ 2 ವಾರ. ನಿಲ್ಲಿಸಿದಾಗ ಉರಿ ಮರುಕಳಿಸುವುದುಂಟು, ಆಮ್ಲ ತಾತ್ಕಾಲಿಕವಾಗಿ ಜಿಗಿಯುವುದರಿಂದ. ‘ಹುಣ್ಣು ತಿರುಗಿ ಬಂತು ಅಕ್ಕಾರೆ’ ಎಂದು ಫೋನ್ ಬರುತ್ತದೆ. ಆ ಗುಳಿಗೆ ಇಲ್ಲದ ಹದಿನಾಲ್ಕು ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಟ್ಟು, ಉರಿಗೆ ಯಾವ ಆಂಟಾಸಿಡ್ ಕುಡಿಯಬಹುದೆಂದು ವೈದ್ಯರಿಂದಲೇ ಬರೆಸಿಕೊಡುತ್ತೇನೆ.

ಮನೋವೈದ್ಯರಿಗೆ ಕಳಿಸುವ ಚೀಟಿಯ ಮೇಲ್ಸಾಲಿನಲ್ಲಿ ‘ಅಲ್ಸರ್ ಇದೆ, ನೋವಿನ ಗುಳಿಗೆ ನುಂಗುವ ಅಭ್ಯಾಸವಿದೆ’ ಎಂದು ದೊಡ್ಡದಾಗಿ ಬರೆಯುತ್ತೇನೆ. ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಗುಳಿಗೆ ಮತ್ತು ನೋವಿನ ಗುಳಿಗೆ ಜೊತೆಯಾದರೆ ಹೊಟ್ಟೆಯೊಳಗೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ, ಮತ್ತು ರೋಗಿ ಇದನ್ನು ತಾನಾಗಿ ಅಲ್ಲಿ ಹೇಳುವುದಿಲ್ಲ.